ಹಡಗಿನ ಗೂಟ, ಕಳೆದುಹೋದ ನಂಬರ್: ಬಳ್ಳಾರಿಯ ಒಂದು ವರ್ಕ್‌ಶಾಪಿನ ಪ್ರಕರಣ

2024ರ ಏಪ್ರಿಲ್ ತಿಂಗಳ ಒಂದು ಮಂಗಳವಾರ. ಬೆಳಿಗ್ಗೆ ಹನ್ನೊಂದಕ್ಕೇ ಬಳ್ಳಾರಿಯ ಬಿಸಿಲಿಗೆ ಶೀಟಿನ ಮಾಡು ಕಾದಿತ್ತು. ಮುಂಡರಗಿ ಕೈಗಾರಿಕಾ ಪ್ರದೇಶದ ನಮ್ಮ ವರ್ಕ್‌ಶಾಪಿನ ನೆಲದ ಮೇಲೆ 24 ಉಕ್ಕಿನ ಪ್ಲೇಟುಗಳನ್ನು ಸಾಲಾಗಿ ಹಾಸಿದ್ದೆವು. ಒಂದೊಂದೂ 20 ಮಿ.ಮೀ. ದಪ್ಪ, 50 ಕೆ.ಜಿ. ತೂಕ. ಕಟಿಂಗ್ ಚೊಕ್ಕವಾಗಿತ್ತು. ಅಳತೆ ಸರಿಯಾಗಿತ್ತು. ಲೋಹವೂ ಒಳ್ಳೆಯದೇ.

ಹಡಗಿನ ಸಾಮಾನಿನ ತಪಾಸಣೆಗೆ ಬಂದಿದ್ದ ಸರ್ವೇಯರ್ ಕುಕ್ಕರಗಾಲಲ್ಲಿ ಕೂತರು. ಕರ್ಚೀಫಿನಿಂದ ಮೊದಲ ಪ್ಲೇಟಿನ ಕೆಂಪು ಧೂಳು ಒರೆಸಿದರು. ನಾಲ್ಕೂ ಅಂಚಿನ ಮೇಲೆ ಬೆರಳು ಓಡಿಸಿದರು. ಮೊಬೈಲಿನ ಟಾರ್ಚ್ ಹಾಕಿ ಓರೆಯಾಗಿ ಬೆಳಕು ಬಿಟ್ಟು ನೋಡಿದರು. ತಿರುಗಿಸಿ ಎಂದರು. ಇಬ್ಬರು ಹಿಡಿದು ತಿರುಗಿಸಿದೆವು. ಆ ಕಡೆಯೂ ಏನೂ ಇರಲಿಲ್ಲ.

“ಇದು ಯಾವ ಪ್ಲೇಟಿನ ತುಂಡು?” ಎಂದು ಕೇಳಿದರು.

ನಮ್ಮಲ್ಲಿ ಯಾರೂ ಬಾಯಿ ಬಿಡಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಆ ವರ್ಕ್‌ಶಾಪಿನಲ್ಲಿ ಕ್ವಾಲಿಟಿ ಮತ್ತು ಕಾಗದಪತ್ರ ನೋಡಿಕೊಳ್ಳುವವನು ನಾನು. ಒಟ್ಟು 19 ಜನರ ಸಣ್ಣ ಘಟಕ. ಅವತ್ತು ಏನಾಯಿತು, ಯಾಕಾಯಿತು, ಹೇಗೆ ಹೊರಗೆ ಬಂದೆವು ಎಂಬುದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ನಮ್ಮಂಥ ಫ್ಯಾಬ್ರಿಕೇಷನ್ ಘಟಕಗಳು ತುಂಬ ಇವೆ. ಹಡಗಿನ ಕೆಲಸಕ್ಕೆ ಕೈಹಾಕುವ ಯಾರಿಗಾದರೂ ಇದು ಮೊದಲೇ ಗೊತ್ತಿದ್ದರೆ ನಮಗಾದ ನಷ್ಟ ಅವರಿಗೆ ಆಗುವುದಿಲ್ಲ. ತಪ್ಪಿನ ದೊಡ್ಡ ಪಾಲು ನನ್ನದು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಕೆಲಸ ಏನಿತ್ತು

ಪಶ್ಚಿಮ ಕರಾವಳಿಯ ಒಂದು ಹಡಗುಕಟ್ಟೆಯಲ್ಲಿ ಪಹರೆ ಹಡಗುಗಳ ಕೆಲಸ ನಡೆದಿತ್ತು. ಅದಕ್ಕೆ ಡೆಕ್ ಸಾಮಾನು ಒದಗಿಸುವ ಹುಬ್ಬಳ್ಳಿಯ ಒಂದು ಕಂಪನಿ ನಮಗೆ 22 ಬೊಲಾರ್ಡ್ ಮಾಡಿಕೊಡಲು ಹೇಳಿತು. ಮೊತ್ತ 6.4 ಲಕ್ಷ ರೂಪಾಯಿ. ಡ್ರಾಯಿಂಗಿನ ಮೇಲೆ ಹಡಗಿನ ಹೆಸರಿರಲಿಲ್ಲ, ಹಡಗುಕಟ್ಟೆ ಅದಕ್ಕೆ ಇಟ್ಟ ಯಾರ್ಡ್ ನಂಬರ್ ಮಾತ್ರ ಇತ್ತು.

ಬೊಲಾರ್ಡ್ ಅಂದರೆ ಹಗ್ಗ ಕಟ್ಟುವ ಗೂಟ. ಕೆಳಗೆ ಒಂದು ದಪ್ಪ ಬುಡದ ಪ್ಲೇಟು. ಅದರ ಮೇಲೆ ಎಂಟಿಂಚಿನ ಪೈಪಿನ ಎರಡು ಕಂಬ. ಕಂಬದ ತಲೆಗೆ ಮುಚ್ಚಳ, ಬುಡಕ್ಕೆ ರಿಬ್. ಹಡಗು ಧಕ್ಕೆಗೆ, ಅಂದರೆ ದಡದ ಕಟ್ಟೆಗೆ, ಬಂದಾಗ ಹಗ್ಗವನ್ನು ಎರಡು ಕಂಬಕ್ಕೂ ಎಂಟರ ಆಕಾರದಲ್ಲಿ ಸುತ್ತುತ್ತಾರೆ. ನಮ್ಮ ಹಿರಿಯ ವೆಲ್ಡರ್ ಡ್ರಾಯಿಂಗ್ ನೋಡಿದ ಕೂಡಲೇ, “ಎಮ್ಮೆ ಕಟ್ಟೋ ಗೂಟಾನೇ ಬಿಡ್ರಿ, ಎಮ್ಮೆ ಸ್ವಲ್ಪ ದೊಡ್ಡದು” ಎಂದರು. ಅವರನ್ನು ನಾವೆಲ್ಲ ಚಾಚಾ ಅಂತಲೇ ಕರೆಯುವುದು.

ಎಮ್ಮೆ ಎಷ್ಟು ದೊಡ್ಡದು ಅಂತ ಹೇಳಬೇಕು. ಗೋವಾ ಶಿಪ್‌ಯಾರ್ಡ್ ಶ್ರೀಲಂಕಾ ನೌಕಾಪಡೆಗೆ ಕಟ್ಟಿಕೊಟ್ಟ ಸಯುರಾಲ ಎಂಬ ಪಹರೆ ಹಡಗು 105 ಮೀಟರಿಗಿಂತ ಉದ್ದ. ತೂಕ ಸುಮಾರು 2,350 ಟನ್. ಇಂಥ ಹಡಗು ಗಾಳಿಗೆ, ಅಲೆಗೆ ಧಕ್ಕೆಯಿಂದ ಆಚೆ ಜಗ್ಗುತ್ತದೆ. ಆ ಜಗ್ಗಾಟವೆಲ್ಲ ಹಗ್ಗದ ಮೂಲಕ ಗೂಟದ ಬುಡಕ್ಕೆ ಬರುತ್ತದೆ. ಗೂಟದ ಪಕ್ಕದಲ್ಲೇ ಹಗ್ಗ ಹಿಡಿದ ಮನುಷ್ಯರು ನಿಂತಿರುತ್ತಾರೆ. ಬಿಗಿದ ಹಗ್ಗ ಹರಿದರೂ ಸರಿ, ಗೂಟ ಕಿತ್ತರೂ ಸರಿ, ಅದು ಹಿಂದಕ್ಕೆ ಹೊಡೆಯುವ ಏಟಿಗೆ ಕೈಕಾಲು ಹೋಗುತ್ತದೆ, ಜೀವವೂ ಹೋಗುತ್ತದೆ.

ಈ ಆರ್ಡರ್ ಬಂದಾಗ ನಮಗೆ ಬಹಳ ಖುಷಿಯಾಗಿತ್ತು. ನಮ್ಮ ಮಾಮೂಲಿ ಕೆಲಸ ಅಂದರೆ ಗಣಿಗಳಿಗೆ ಅದಿರು ಸುರಿಯುವ ಚ್ಯೂಟು, ಹಾಪರ್ ಮತ್ತು ಸ್ಪಾಂಜ್ ಐರನ್ ಕಾರ್ಖಾನೆಗಳ ರಿಪೇರಿ. ಬಳ್ಳಾರಿಯವರಿಗೆ ಹಡಗು ಹೊಸ ಮಾತಲ್ಲ. 2010ರವರೆಗೆ ನಮ್ಮ ಅದಿರು ಲಾರಿ ಹತ್ತಿ, ರೈಲು ಹತ್ತಿ ಬಂದರಿಗೆ ಹೋಗಿ ಚೀನಾದ ದಾರಿ ಹಿಡಿಯುತ್ತಿತ್ತು. ಆ ವರ್ಷ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ವರ್ಷಗಳಲ್ಲಿ ಎಷ್ಟು ವರ್ಕ್‌ಶಾಪು ಬಾಗಿಲು ಹಾಕಿದವು ಎಂಬುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಈಗ ನಮ್ಮಿಂದ ಹಡಗಿಗೆ ಹೋಗುತ್ತಿದ್ದದ್ದು ಮಣ್ಣಲ್ಲ, ನಾವೇ ಕೈಯಾರೆ ಮಾಡಿದ ಸಾಮಾನು. ಯಜಮಾನ್ರು ಅವತ್ತು ಎಲ್ಲರಿಗೂ ಒಗ್ಗರಣೆ, ಮಿರ್ಚಿ ತರಿಸಿದ್ದರು.

ಗುರುವಾರದಿಂದ ಶನಿವಾರದವರೆಗೆ

ಬುಡದ ಪ್ಲೇಟಿಗೆ ಡ್ರಾಯಿಂಗ್ ಕೇಳಿದ್ದು ಎಎಚ್36 ಎಂಬ ಹಡಗಿನ ಉಕ್ಕು. ಬಳ್ಳಾರಿಯಲ್ಲಿ ಉಕ್ಕಿಗೆ ಬರವಿಲ್ಲ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕೂಗಳತೆಯಲ್ಲಿದೆ. ಆದರೆ ನಮಗೆ ಬೇಕಿದ್ದದ್ದು ಬರೀ ಒಂದೂವರೆ ಟನ್, ಅದೂ ಕ್ಲಾಸ್ ಮುದ್ರೆ, ಅಂದರೆ ಹಡಗು ಪರೀಕ್ಷಿಸುವ ಸಂಸ್ಥೆಯ ಮುದ್ರೆ, ಇರುವ ಮಾಲು. ಚೆನ್ನೈನ ಒಬ್ಬ ಸ್ಟಾಕಿಸ್ಟ್ ಹತ್ತಿರ 2 ಮೀಟರ್‌ಗೆ 1.5 ಮೀಟರ್ ಅಳತೆಯ ಮೂರು ಪ್ಲೇಟು ತರಿಸಿದೆವು. ಮೂರಕ್ಕೂ ಒಂದು ಮೂಲೆಯಲ್ಲಿ ಹೀಟ್ ನಂಬರ್, ಪ್ಲೇಟ್ ನಂಬರ್, ಕ್ಲಾಸಿನ ಮುದ್ರೆ ಪಂಚ್ ಆಗಿತ್ತು, ಅಂದರೆ ಲೋಹದೊಳಕ್ಕೇ ಒತ್ತಿತ್ತು. ಸುತ್ತಲೂ ಬಿಳಿ ಪೇಂಟಿನ ಚೌಕ. ಜೊತೆಗೆ ಟಿಸಿ, ಅಂದರೆ ಟೆಸ್ಟ್ ಸರ್ಟಿಫಿಕೇಟ್.

ಹೀಟ್ ನಂಬರ್ ಅಂದರೆ ಕುಲುಮೆಯಲ್ಲಿ ಒಂದೇ ಸಲ ಕರಗಿಸಿದ ಉಕ್ಕಿಗೆ ಇಟ್ಟ ಹೆಸರು. ಆ ಕರಗಿನಲ್ಲಿ ಇಂಗಾಲ ಎಷ್ಟು, ಮ್ಯಾಂಗನೀಸ್ ಎಷ್ಟು, ಎಷ್ಟು ಎಳೆದರೆ ಬಾಗುತ್ತದೆ, ಎಷ್ಟಕ್ಕೆ ಹರಿಯುತ್ತದೆ ಎಲ್ಲವೂ ಆ ನಂಬರಿನ ಕೆಳಗೆ ದಾಖಲಾಗಿರುತ್ತದೆ. ನಮ್ಮ ಮೂರು ಪ್ಲೇಟುಗಳಲ್ಲಿ ಎರಡು ಒಂದೇ ಹೀಟಿನವು. ಮೂರನೆಯದು ಬೇರೆ.

ಮಾಲು ಗುರುವಾರ ಇಳಿಯಿತು. ಸರ್ವೇಯರ್ ಮಂಗಳವಾರಕ್ಕಿಂತ ಮುಂಚೆ ಬರಲು ಆಗುವುದಿಲ್ಲ ಎಂದರು. ಬೇರೆ ಕೆಲಸ ಕಡಿಮೆ ಇತ್ತು. “ಹುಡುಗ್ರು ಸುಮ್ನೆ ಯಾಕೆ ಕೂತಿರ್ಬೇಕು? ಕಟಿಂಗ್ ಮುಗಿಸಿ ಇಡ್ರಿ, ಅವ್ರು ಬಂದಾಗ ರೆಡಿ ಇರ್ಲಿ” ಎಂದರು ಯಜಮಾನ್ರು. ನಾನು ಹೂಂ ಎಂದೆ. ಕಟಿಂಗ್ ಮಾಡುವ ಹುಡುಗ ಕೆಲಸದಲ್ಲಿ ಬಹಳ ಚುರುಕು. ಪ್ಲೇಟು ಜಾಸ್ತಿ ಹಾಳಾಗದ ಹಾಗೆ ಗೆರೆ ಹಾಕಿಕೊಂಡ. ಒಂದು ಪ್ಲೇಟಿಗೆ ಎಂಟು ತುಂಡು. ನಂಬರ್ ಇದ್ದ ಮೂಲೆ ಪ್ರತಿ ಸಲವೂ ಉಳಿಕೆ ಪಟ್ಟಿಯ, ಅಂದರೆ ಕತ್ತರಿಸಿ ಉಳಿದ ಅಂಚಿನ ಉಕ್ಕಿನ, ಕಡೆಗೆ ಹೋಯಿತು. ಅವನ ಲೆಕ್ಕದಲ್ಲಿ ಅದು ಒಳ್ಳೆಯ ಕೆಲಸವೇ. ಪೇಂಟು, ಪಂಚ್ ಇರುವ ಜಾಗ ಜಾಬ್ ಒಳಗೆ ಬರಬಾರದು, ನೋಡಲು ಚೆನ್ನಾಗಿರುವುದಿಲ್ಲ ಅಂತ ಅವನೇ ಜಾಗ್ರತೆ ಮಾಡಿದ್ದ. ಹಾಪರ್ ಕೆಲಸದಲ್ಲಿ ಅವನಿಗೆ ನಾವೇ ಕಲಿಸಿದ್ದೂ ಹಾಗೆಯೇ.

ಶನಿವಾರ ಗುಜರಿಯವನ ಟೆಂಪೊ ಬಂತು. ಉಳಿಕೆ ಪಟ್ಟಿಗಳೆಲ್ಲ ಅದರಲ್ಲಿ ಹೋದವು. ಮೂರು ಪ್ಲೇಟಿನ ಹೆಸರೂ ಹೋಯಿತು. ಭಾನುವಾರ ಹುಡುಗರು 24 ತುಂಡನ್ನೂ ಅಂಚು ಗ್ರೈಂಡ್ ಮಾಡಿ, ಒಂದರ ಮೇಲೊಂದು ಪೇರಿಸಿಟ್ಟರು. ಯಾವುದು ಯಾವ ಪ್ಲೇಟಿನದು ಎಂದು ಹೇಳುವ ಕೊನೆಯ ಗುರುತೂ ಅಲ್ಲಿಗೆ ಮುಗಿಯಿತು.

ಒಂದು ಅಕ್ಷರ

ಆರ್ಡರ್ ಜೊತೆಗೇ ಕ್ಯೂಎಪಿ (ಕ್ವಾಲಿಟಿ ಅಶ್ಯೂರೆನ್ಸ್ ಪ್ಲಾನ್) ಎಂಬ ನಾಲ್ಕು ಪುಟದ ಪಟ್ಟಿ ಬಂದಿತ್ತು. ಕೆಲಸದ ಪ್ರತಿ ಹಂತ, ಆ ಹಂತದಲ್ಲಿ ಯಾರು ನೋಡಬೇಕು, ಎಲ್ಲ ಅದರಲ್ಲಿ ಇರುತ್ತದೆ. ಕೊನೆಯ ಕಾಲಮ್ಮಿನಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ. ಆರ್ ಇದ್ದರೆ ಕಾಗದ ಮಾತ್ರ ನೋಡುತ್ತಾರೆ. ಡಬ್ಲ್ಯೂ ಇದ್ದರೆ ಕರೆಯಬೇಕು, ಬಂದರೆ ನೋಡುತ್ತಾರೆ. ಎಚ್ ಇದ್ದರೆ ಅವರು ಬಂದು ನೋಡಿ ಸಹಿ ಹಾಕುವ ತನಕ ಕೆಲಸ ಮುಂದಕ್ಕೆ ಹೋಗಬಾರದು.

ಮೊದಲನೇ ಸಾಲು: ಮಾಲಿನ ಗುರುತು ಮತ್ತು ನಂಬರ್ ವರ್ಗಾವಣೆ. ಅದರ ಮುಂದೆ ಎಚ್.

ಅದಕ್ಕೆ ಸಹಿ ಹಾಕಿ ಹುಬ್ಬಳ್ಳಿಗೆ ಕಳಿಸಿದವನು ನಾನೇ. ಓದಿದ್ದೆ ಕೂಡ. ಆದರೆ ಆ ಸಾಲು ಟಿಸಿಗೆ ಸಂಬಂಧಿಸಿದ್ದು, ಫೈಲಿನಲ್ಲಿ ಇದ್ದರಾಯಿತು ಎಂದುಕೊಂಡಿದ್ದೆ. ಪ್ಲೇಟನ್ನು ಕತ್ತರಿಸುವ ಮೊದಲು ಪ್ರತಿ ತುಂಡಿನ ಮೇಲೂ ಆ ನಂಬರನ್ನು ಮತ್ತೆ ಪಂಚ್ ಮಾಡಬೇಕು, ಆ ಪಂಚನ್ನು ಸರ್ವೇಯರ್ ಕಣ್ಣಾರೆ ಕಂಡು ಪಕ್ಕದಲ್ಲಿ ತಮ್ಮ ಮುದ್ರೆ ಒತ್ತಬೇಕು ಎಂಬುದು ನನ್ನ ತಲೆಗೆ ಹೋಗಿರಲಿಲ್ಲ. ಕಟಿಂಗ್ ಹುಡುಗನಿಗೆ ಆ ಪಟ್ಟಿ ತೋರಿಸಲೇ ಇಲ್ಲ. ಅವನು ಕನ್ನಡ ಓದುತ್ತಾನೆ, ತೆಲುಗೂ ಓದುತ್ತಾನೆ. ಪಟ್ಟಿ ಇದ್ದದ್ದು ಇಂಗ್ಲಿಷಿನಲ್ಲಿ, ನನ್ನ ಟೇಬಲ್ಲಿನ ಫೈಲಿನಲ್ಲಿ.

ಈ ಪ್ರಕರಣದ ಗಂಟು ಇರುವುದು ಇಲ್ಲೇ ಅಂತ ನನಗೆ ಅನಿಸುತ್ತದೆ. ಉಕ್ಕು ಚೆನ್ನಾಗಿತ್ತು, ಹುಡುಗ ಚೆನ್ನಾಗಿದ್ದ, ನಿಯಮವೂ ಇತ್ತು. ನಿಯಮ ಟೇಬಲ್ಲಿಂದ ಗ್ಯಾಸ್ ಕಟರ್ ಹಿಡಿದ ಕೈಗೆ ತಲುಪಿರಲಿಲ್ಲ. ನಡುವೆ ಇದ್ದ ದೂರ ಇಪ್ಪತ್ತು ಹೆಜ್ಜೆ.

ಸರ್ವೇಯರ್ ಕೂಗಾಡಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, “ನಿಮ್ಮ ಉಕ್ಕು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಒಳ್ಳೇದು ಅಂತ ಹೇಳೋಕೂ ನನ್ನ ಹತ್ರ ಏನೂ ಇಲ್ಲ” ಎಂದರು. ಮಧ್ಯಾಹ್ನ ಊಟಕ್ಕೆ ಕೂತಾಗ ಬಿಡಿಸಿ ಹೇಳಿದರು. ಅವರ ಮಾತಿನ ಸಾರ ಹೀಗಿತ್ತು: ಹತ್ತು ವರ್ಷದ ಮೇಲೆ ಈ 22ರಲ್ಲಿ ಒಂದು ಗೂಟ ಬಿರುಕು ಬಿಟ್ಟರೆ ಮೊದಲು ನೋಡುವುದು ಅದರ ಹೀಟ್ ನಂಬರ್. ಅದೇ ಹೀಟಿನ ಉಕ್ಕು ಬೇರೆ ಎಲ್ಲೆಲ್ಲಿ ಹೋಗಿದೆ, ಯಾವ ಹಡಗಿನಲ್ಲಿ ಇದೆ ಅಂತ ಅವತ್ತೇ ಹುಡುಕಿ ತಪಾಸಣೆ ಮಾಡಿಸಬೇಕು. ನಂಬರ್ ಇಲ್ಲದ ತುಂಡು ಅಂದರೆ ಆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ಹಡಗು ಹೊರದೇಶಕ್ಕೆ ಹೋಗುವುದಾದರೆ ಈ ಮಾತಿಗೆ ಇನ್ನೂ ತೂಕ ಬರುತ್ತದೆ. ಭಾರತ ಹೊರದೇಶಕ್ಕೆಂದೇ ಕಟ್ಟಿದ ಮೊದಲ ಯುದ್ಧನೌಕೆ ಮಾರಿಷಸ್‌ನ ಬರಾಕುಡಾ. ಕೋಲ್ಕತ್ತಾದ ಗಾರ್ಡನ್ ರೀಚ್ ಹಡಗುಕಟ್ಟೆ 2014ರ ಡಿಸೆಂಬರ್‌ನಲ್ಲಿ ಅದನ್ನು ಹಸ್ತಾಂತರಿಸಿತು. 2015ರ ಮಾರ್ಚ್ 12ರಂದು ಪೋರ್ಟ್ ಲೂಯಿಯಲ್ಲಿ ಅದು ಸೇವೆಗೆ ಸೇರಿತು. ಆಮೇಲೆ 2017ರಲ್ಲಿ ಸಯುರಾಲ, 2018ರಲ್ಲಿ ಅದರ ಜೋಡಿ ಸಿಂಧುರಾಲ ಶ್ರೀಲಂಕಾ ನೌಕಾಪಡೆಗೆ ಸೇರಿದವು. ವಿಯೆಟ್ನಾಂಗೆ ಭಾರತದ 10 ಕೋಟಿ ಡಾಲರ್ ಸಾಲದ ನೆರವಿನಲ್ಲಿ 12 ವೇಗದ ಕಾವಲು ದೋಣಿ ಆದವು. ಐದನ್ನು ಚೆನ್ನೈ ಹತ್ತಿರದ ಕಾಟ್ಟುಪಳ್ಳಿಯಲ್ಲಿ ಕಟ್ಟಿದರು, ಉಳಿದ ಏಳನ್ನು ವಿಯೆಟ್ನಾಂನಲ್ಲೇ. 2022ರ ಜೂನ್‌ನಲ್ಲಿ ಅವನ್ನು ಹಸ್ತಾಂತರ ಮಾಡಿದರು. ಪೋರ್ಟ್ ಲೂಯಿಯ ಎಂಜಿನಿಯರಿಗೆ ಮುಂಡರಗಿಯ ವರ್ಕ್‌ಶಾಪ್ ಗೊತ್ತಿರುವುದಿಲ್ಲ. ನಮ್ಮ ಚಾಚಾನ ಕೈಗುಣ ಗೊತ್ತಿರುವುದಿಲ್ಲ. ಅವರ ಕೈಯಲ್ಲಿ ಇರುವುದು ಆ ತುಂಡಿನ ಮೇಲಿನ ನಂಬರ್ ಮತ್ತು ಅದಕ್ಕೆ ಹೊಂದುವ ಕಾಗದ.

ಕ್ಲಾಸ್ ಅಂತ ಮೇಲೆ ಬರೆದೆ. ಹಡಗನ್ನು ನಿಯಮದ ಪ್ರಕಾರ ಕಟ್ಟಿದ್ದಾರೆಯೇ ಎಂದು ಮೂರನೆಯವರಾಗಿ ನಿಂತು ಪರೀಕ್ಷಿಸುವ ಸಂಸ್ಥೆ ಅದು. ಲಂಡನ್ನಿನ ಲಾಯ್ಡ್ಸ್ ರಿಜಿಸ್ಟರ್ 1760ರಿಂದ ಈ ಕೆಲಸ ಮಾಡುತ್ತಿದೆ. ನಮ್ಮ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ ಶುರುವಾದದ್ದು 1975ರಲ್ಲಿ. ಸಾಮಾನು ಕೊಳ್ಳುವವನೂ ಅಲ್ಲದ, ಮಾರುವವನೂ ಅಲ್ಲದ ಒಬ್ಬ ಮನುಷ್ಯ ಬಂದು ಕುಕ್ಕರಗಾಲಲ್ಲಿ ಕೂತು ಧೂಳು ಒರೆಸುವುದು ಅದಕ್ಕೇ.

ಪಂಚ್ ಸೆಟ್ ನಮ್ಮ ಹತ್ತಿರವೇ ಇತ್ತು

ಸರ್ವೇಯರ್ ಹೋದ ಮೇಲೆ ಆಫೀಸಿನಲ್ಲಿ ಕೂತೆವು. ಅವತ್ತು ಸಂಜೆ ಮೂರು ದಾರಿಯ ಮಾತು ಬಂತು.

ಒಬ್ಬರು, ಪರಿಚಯದವರೇ, ಹಳೆಯ ಕಂಟ್ರಾಕ್ಟರು, ಮೆಲ್ಲಗೆ ಹೇಳಿದರು: “ಟಿಸಿ ಐತಿ. ನಂಬರ್ ಗೊತ್ತೈತಿ. ಪಂಚ್ ಸೆಟ್ ನಿಮ್ ಹತ್ರಾನೇ ಐತಿ. ಇನ್ನೇನ್ರಿ? ಹದಿನಾರಕ್ಕೆ ಒಂದು ನಂಬರ್, ಎಂಟಕ್ಕೆ ಒಂದು ನಂಬರ್ ಹೊಡೀರಿ. ಗುಜರಿಯಿಂದ ಹುಡುಕಿ ತಂದ್ವಿ, ಹೊಂದಿಸಿ ನೋಡಿದ್ವಿ ಅನ್ರಿ.” ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಉಕ್ಕು ಅದೇ ಅಲ್ವಾ, ಸುಳ್ಳು ಎಲ್ಲಿದೆ ಎಂಬುದು ಅವರ ಲೆಕ್ಕ.

ಒಪ್ಪಿಕೊಳ್ಳುತ್ತೇನೆ, ಒಂದು ಕ್ಷಣ ನನಗೂ ಅದು ಸುಲಭ ಅನಿಸಿತ್ತು. ಆದರೆ ಯಾವ ಹದಿನಾರು, ಯಾವ ಎಂಟು? ಊಹೆಯಿಂದ ಹೊಡೆದ ನಂಬರ್ ಕೆಲವಕ್ಕೆ ನಿಜ ಆಗುತ್ತಿತ್ತು, ಕೆಲವಕ್ಕೆ ಸುಳ್ಳು. ಮುಂದೆ ಯಾರೂ ಅದನ್ನು ಬೇರೆ ಮಾಡಿ ನೋಡಲು ಆಗುತ್ತಿರಲಿಲ್ಲ. ನಂಬರ್ ಇಲ್ಲದ ತುಂಡು ತನ್ನ ಬಗ್ಗೆ ಏನೂ ಹೇಳುವುದಿಲ್ಲ. ತಪ್ಪು ನಂಬರಿನ ತುಂಡು ಹತ್ತು ವರ್ಷದ ಮೇಲೆ ಹುಡುಕುವವನನ್ನು ಬೇರೆ ದಾರಿಗೆ ಕಳಿಸುತ್ತದೆ.

ಅಮೆರಿಕದ ಟಕೋಮಾ ಎಂಬ ಊರಿನ ಒಂದು ಫೌಂಡ್ರಿಯಲ್ಲಿ ಇಂಥದ್ದೇ ನಡೆದಿತ್ತು. ಆ ದೇಶದ ನೌಕಾಪಡೆಯ ಜಲಾಂತರ್ಗಾಮಿಗಳಿಗೆ ಹೋಗುವ ಎರಕದ ಉಕ್ಕಿನ ಟೆಸ್ಟ್ ಫಲಿತಾಂಶವನ್ನು ಅಲ್ಲಿನ ಲೋಹತಜ್ಞೆ 1985ರಿಂದ 2017ರವರೆಗೆ ತಿದ್ದುತ್ತಾ ಬಂದಿದ್ದರು. ಕಡಿಮೆ ಬಂದ ಅಂಕಿಯನ್ನು ಪಾಸಾಗುವಷ್ಟು ಏರಿಸುವುದು, ಅಷ್ಟೇ. ಕಂಪನಿ 2020ರಲ್ಲಿ 1.09 ಕೋಟಿ ಡಾಲರ್ ಕಟ್ಟಿತು. 2022ರಲ್ಲಿ ಆಕೆಗೆ ಎರಡೂವರೆ ವರ್ಷ ಜೈಲಾಯಿತು. ಅಷ್ಟು ವರ್ಷದ ಎರಕಗಳು ಎಲ್ಲೆಲ್ಲಿವೆ ಎಂದು ನೌಕಾಪಡೆ ಹುಡುಕಬೇಕಾಯಿತು. ಇದನ್ನು ಯಜಮಾನ್ರಿಗೆ ಹೇಳಿದೆ. ಅವರಿಗೆ ಈ ಕಥೆ ಬೇಕೇ ಇರಲಿಲ್ಲ. ಅದಕ್ಕೆ ಮೊದಲೇ ಪಂಚ್ ಸೆಟ್ಟಿನ ಡಬ್ಬಿ ತೆಗೆದು ತಮ್ಮ ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದ್ದರು. “ಇದರ ಮಾತು ಇಲ್ಲಿಗೆ ಸಾಕು” ಎಂದರು.

ಎರಡನೇ ದಾರಿ: ಇಲ್ಲೇ ಪೇಟೆಯಲ್ಲಿ ಸಿಗುವ ಐಎಸ್ 2062, ಇ350 ಎಂಬ ಮಾಮೂಲಿ ಉಕ್ಕಿನ ಪ್ಲೇಟು ತಂದು ಹೊಸದಾಗಿ ಕತ್ತರಿಸುವುದು. ಹೆಸರಲ್ಲೇ 350 ಇದೆ. ಎಎಚ್36 ಕೇಳುವ ಬಲ 355 ಮೆಗಾಪಾಸ್ಕಲ್. ಹತ್ತಿರ ಹತ್ತಿರ ಒಂದೇ ಅಲ್ವಾ ಎಂದು ಯಾರಿಗಾದರೂ ಅನಿಸುತ್ತದೆ. ಅಲ್ಲ. ಎಎಚ್36ಗೆ ಶೂನ್ಯ ಡಿಗ್ರಿಯಲ್ಲಿ ಚಾರ್ಪಿ ಟೆಸ್ಟ್ ಕಡ್ಡಾಯ. ಅಂದರೆ 10 ಮಿ.ಮೀ. ಚೌಕದ ಸಣ್ಣ ತುಂಡಿಗೆ ನಡುವೆ ಗೀರು ಹಾಕಿ, ತಣ್ಣಗೆ ಮಾಡಿ, ಲೋಲಕದ ಸುತ್ತಿಗೆಯಿಂದ ಒಂದೇ ಏಟಿಗೆ ಮುರಿಯುತ್ತಾರೆ. ಮುರಿಯಲು ಕನಿಷ್ಠ 34 ಜೂಲ್ ಬೇಕಾಗಬೇಕು. ಉಕ್ಕು ಗಾಜಿನ ಹಾಗೆ ಪಟ್ ಅಂತ ಒಡೆಯುತ್ತದೋ, ಜಗ್ಗಿ ಜಗ್ಗಿ ಹರಿಯುತ್ತದೋ ಎಂದು ತಿಳಿಯುವುದು ಇದರಿಂದಲೇ. ಇ350ರ ಎ ದರ್ಜೆಗೆ ಈ ಟೆಸ್ಟ್ ಬೇಕಿಲ್ಲ. ಹಾಪರಿಗೆ ಅದು ಧಾರಾಳ ಸಾಕು. ಹಗ್ಗ ಒಮ್ಮೆಲೇ ಜಗ್ಗುವ ಗೂಟಕ್ಕೆ ಸಾಲದು.

ಉಳಿದದ್ದು ಮೂರನೇ ದಾರಿ. ಎಲ್ಲವನ್ನೂ ಗುರುತಿಲ್ಲದ ಮಾಲು ಎಂದು ಒಪ್ಪಿಕೊಂಡು, ಸರ್ವೇಯರ್ ಹೇಳಿದ ಹಾಗೆ ಮತ್ತೆ ಟೆಸ್ಟ್ ಮಾಡಿಸುವುದು. ಹುಬ್ಬಳ್ಳಿಯವರಿಗೆ ಅವತ್ತೇ ರಾತ್ರಿ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆವು. ಬೈದರು. ಸರಿ, ಮಾಡಿ ಎಂದರು.

ಟೆಸ್ಟ್

ಬೆಂಗಳೂರಿನಿಂದ ಲ್ಯಾಬಿನವರು ಸ್ಪೆಕ್ಟ್ರೋ ಯಂತ್ರ, ಆರ್ಗಾನ್ ಸಿಲಿಂಡರ್ ಸಮೇತ ಬಂದರು. ಒಂದೊಂದು ಪ್ಲೇಟಿನ ಮೇಲೂ ಕಾಸಿನಗಲ ಜಾಗ ಉಜ್ಜಿ ಹೊಳಪು ಮಾಡಿ, ಅಲ್ಲಿ ಕಿಡಿ ಹಾರಿಸಿದರು. ಕಿಡಿಯ ಬೆಳಕು ನೋಡಿ ಯಂತ್ರ ಉಕ್ಕಿನಲ್ಲಿ ಏನೇನು ಎಷ್ಟೆಷ್ಟು ಇದೆ ಎಂದು ಹೇಳುತ್ತದೆ. ಪ್ರತಿ ಪ್ಲೇಟಿನಲ್ಲೂ ಮೂರು ಕಡೆ. ನಮ್ಮ ಅದೃಷ್ಟ, ಎರಡು ಹೀಟಿನ ನಡುವೆ ಮ್ಯಾಂಗನೀಸಿನಲ್ಲಿ ಗುರುತು ಹಿಡಿಯುವಷ್ಟು ವ್ಯತ್ಯಾಸ ಇತ್ತು. ಒಂದರಲ್ಲಿ 1.36 ಪರ್ಸೆಂಟ್ ಆಸುಪಾಸು, ಇನ್ನೊಂದರಲ್ಲಿ 1.47. ಸಂಜೆ ಹೊತ್ತಿಗೆ 14 ಪ್ಲೇಟು ಒಂದು ಗುಂಪಿಗೆ, 7 ಇನ್ನೊಂದಕ್ಕೆ ಬಂದವು. ಮೂರು ಮಾತ್ರ ನಡುವೆ ನಿಂತವು. ಎರಡೆರಡು ಸಲ ನೋಡಿದರೂ ಆ ಮೂರು ಯಾವ ಕಡೆಗೂ ಸೇರಲಿಲ್ಲ. ಸರ್ವೇಯರ್ ಅವಕ್ಕೆ ಕೆಂಪು ಪೇಂಟ್ ಹಾಕಿಸಿದರು.

ಬರೀ ರಸಾಯನದ ಲೆಕ್ಕ ಸಾಲದು. ಬಲ ನೋಡಬೇಕಲ್ಲ. ಉಳಿಕೆ ಪಟ್ಟಿ ಇದ್ದಿದ್ದರೆ ಅದರಿಂದಲೇ ತುಂಡು ತೆಗೆಯಬಹುದಿತ್ತು. ಅದು ಗುಜರಿ ಸೇರಿತ್ತು. ಹಾಗಾಗಿ ಮೊದಲ ಗುಂಪಿನಿಂದ ಎರಡು, ಎರಡನೆಯದರಿಂದ ಒಂದು ಒಳ್ಳೆಯ ಪ್ಲೇಟನ್ನೇ ಬಲಿ ಕೊಡಬೇಕಾಯಿತು. ಪ್ಲೇಟು ತಯಾರಿಸುವಾಗ ಉರುಳೆಯಲ್ಲಿ ಉಕ್ಕು ಯಾವ ದಿಕ್ಕಿಗೆ ಓಡಿತ್ತು ಎಂಬುದೂ ನಮಗೆ ಗೊತ್ತಿರಲಿಲ್ಲ. ಕಟ್ಟಿಗೆಗೆ ನಾರು ಇರುವ ಹಾಗೆ ಉಕ್ಕಿಗೂ ಒಂದು ದಿಕ್ಕಿದೆ. ಉದ್ದಕ್ಕೆ ತೆಗೆದ ತುಂಡಿಗೂ ಅಡ್ಡಕ್ಕೆ ತೆಗೆದ ತುಂಡಿಗೂ ಬಲ ಬೇರೆ. ಎರಡೂ ದಿಕ್ಕಿನಲ್ಲಿ ತೆಗೆದು ಟೆಸ್ಟ್ ಮಾಡಬೇಕಾಯಿತು. ಫಲಿತಾಂಶ ಬರಲು ಹದಿನೈದು ದಿನ. ಎಲ್ಲವೂ ಪಾಸಾದವು, ಅದೂ ಚೆನ್ನಾಗಿಯೇ.

18 ಬುಡದ ಪ್ಲೇಟು ಉಳಿದವು. ಬೇಕಿದ್ದದ್ದು 22. ನಾಲ್ಕಕ್ಕಾಗಿ ಚೆನ್ನೈನಿಂದ ಮತ್ತೊಂದು ಇಡೀ ಪ್ಲೇಟು ಬಂತು. ಈ ಸಲ ಅದು ಸರ್ವೇಯರ್ ಬರುವ ತನಕ ಮರದ ದಿಮ್ಮಿಯ ಮೇಲೆ ಹಾಗೇ ಕೂತಿತ್ತು.

ಈ ಗಲಾಟೆಯ ನಡುವೆ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. ಪೈಪುಗಳಿಗೆ ಏನೂ ಆಗಿರಲಿಲ್ಲ. 44 ಕಂಬದ ತುಂಡಿನಲ್ಲೂ ನಂಬರ್ ಇತ್ತು. ಪೈಪು ಕತ್ತರಿಸಿದ್ದು ಚಾಚಾ. ಪೈಪಿನ ಉದ್ದಕ್ಕೂ ನಂಬರ್ ಸ್ಟೆನ್ಸಿಲ್ ಆಗಿರುತ್ತದೆ, ಅದು ನಿಜ. ಆದರೂ ಪ್ರತಿ ತುಂಡಿನ ಒಳಗಡೆ, ಪೇಂಟ್ ಉದುರಿದರೂ ಉಳಿಯುವ ಹಾಗೆ, ಸಣ್ಣದಾಗಿ ಪಂಚ್ ಹೊಡೆದಿದ್ದರು. ಹರೆಯದಲ್ಲಿ ಆರು ವರ್ಷ ಮುಂಬೈಯಲ್ಲಿ ಹಡಗು ರಿಪೇರಿ ಕೆಲಸ ಮಾಡಿದ್ದವರು. ಅಲ್ಲಿ ಕಲಿತ ರೂಢಿ ಕೈಯಲ್ಲೇ ಉಳಿದಿತ್ತು.

“ಚಾಚಾ, ನಮಗೂ ಒಂದು ಮಾತು ಹೇಳಬಾರದಿತ್ತಾ?” ಎಂದೆ.

“ಪ್ಲೇಟಿಂದು ನೀವು ನೋಡ್ಕೊಂಡಿರ್ತೀರಿ ಅನ್ಕೊಂಡಿದ್ದೆ, ಬೇಟಾ. ಮೊದ್ಲು ನಂಬರ್, ಆಮೇಲೆ ಗ್ಯಾಸು. ಇದು ಎಲ್ಲಾರಿಗೂ ಗೊತ್ತೈತಿ ಅಂತಾನೇ ನನ್ನ ತಲ್ಯಾಗಿತ್ತು” ಎಂದರು. ಅವರ ಮುಖ ಸಣ್ಣಗಾಗಿತ್ತು.

ನಮಗೆ ಬೇಕಿದ್ದ ವಿದ್ಯೆ ನಮ್ಮ ಶೆಡ್ಡಿನಲ್ಲೇ ಇತ್ತು. ಕೇಳುವವರು ಇರಲಿಲ್ಲ.

ದುಡ್ಡಿನ ಲೆಕ್ಕ

ಟೆಸ್ಟಿಗೆ 41 ಸಾವಿರ. ಹೊಸ ಪ್ಲೇಟಿಗೆ 46 ಸಾವಿರ. ಸರ್ವೇಯರ್ ಹೆಚ್ಚುವರಿ ಭೇಟಿಗಳಿಗೆ 24 ಸಾವಿರ. ಆರು ವಾರ ತಡವಾದದ್ದಕ್ಕೆ ವಾರಕ್ಕೆ ಅರ್ಧ ಪರ್ಸೆಂಟ್‌ನಂತೆ ದಂಡ 19,200. ಎಲ್ಲ ಸೇರಿ 1.3 ಲಕ್ಷ ದಾಟಿತು. ನಾವು ಅಂದುಕೊಂಡಿದ್ದ ಲಾಭ 90 ಸಾವಿರ. ಕೊನೆಗೆ ಸುಮಾರು 40 ಸಾವಿರ ಕೈಯಿಂದ ಹೋಯಿತು.

ಇದರ ಮೇಲೆ ಹಣ ಬಂದದ್ದು 97 ದಿನಕ್ಕೆ. ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ತಡವಾದ ಕೆಲಸಕ್ಕೆ ನಮ್ಮ ದಂಡ ಮೊದಲೇ ಮುರಿದುಕೊಂಡಿದ್ದರು. ತಡವಾದ ಹಣಕ್ಕೆ ಬಡ್ಡಿ ನಾವು ಕೇಳಲಿಲ್ಲ, ಮುಂದಿನ ಆರ್ಡರ್ ಬೇಕಿತ್ತು. ಇದು ನ್ಯಾಯ ಅಲ್ಲ. ತಪ್ಪು ನಮ್ಮದು ಎಂದು ಇಷ್ಟೆಲ್ಲ ಬರೆದ ಮೇಲೂ ಈ ಮಾತನ್ನು ಹೇಳಲೇಬೇಕು.

ಕನ್ನಡದ ಒಂದು ಹಾಳೆ

ವಿಕ್ರಾಂತ್ ಹಡಗಿನ ಉಕ್ಕಿನ ಕಥೆ ಬಹಳ ಜನ ಕೇಳಿರುತ್ತಾರೆ. ಆ ಉಕ್ಕು ರಷ್ಯಾದಿಂದ ಬರಬೇಕಿತ್ತು, ಬರಲಿಲ್ಲ. ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ಡಿಎಂಆರ್ 249 ಎಂಬ ಉಕ್ಕನ್ನು ಇಲ್ಲೇ ತಯಾರು ಮಾಡಿತು. ಸರ್ಕಾರಿ ಉಕ್ಕು ಕಂಪನಿಯಾದ ಸೈಲ್‌ನ ಕಾರ್ಖಾನೆಗಳು ಸುಮಾರು 30,000 ಟನ್ ಒದಗಿಸಿದವು. 2009ರಲ್ಲಿ ಅಡಿಪಟ್ಟಿ ಇಟ್ಟ ಹಡಗು 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ನೌಕಾಪಡೆಗೆ ಸೇರಿತು. ನನಗೂ ಅದರ ಬಗ್ಗೆ ತುಂಬು ಹೆಮ್ಮೆ. ಆದರೆ ಆ 30,000 ಟನ್ನಿನ ಪ್ರತಿ ಪ್ಲೇಟನ್ನೂ ಯಾರೋ ಒಬ್ಬ ಹುಡುಗ ಗ್ಯಾಸಿನಿಂದಲೋ ಪ್ಲಾಸ್ಮಾದಿಂದಲೋ ಕತ್ತರಿಸಿರುತ್ತಾನೆ. ಅದಕ್ಕೂ ಮೊದಲು ಯಾರೋ ಒಬ್ಬರು ನಂಬರ್ ದಾಟಿಸಿರುತ್ತಾರೆ. ಈ ಪ್ರಕರಣ ಆದ ಮೇಲೆ ಆ ಹಡಗಿನ ಫೋಟೊ ನೋಡಿದಾಗೆಲ್ಲ ನನಗೆ ಅವರೇ ನೆನಪಾಗುತ್ತಾರೆ.

ರಕ್ಷಣಾ ಖರೀದಿಯ ಕಾಗದ ಮುಂದೆ ಇನ್ನೂ ಕೆಳಗಿನವರೆಗೆ ಇಳಿಯುತ್ತದೆ. 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಖರೀದಿ ನಿಯಮದಲ್ಲಿ, ಇಲ್ಲೇ ವಿನ್ಯಾಸ ಮಾಡಿ ಇಲ್ಲೇ ತಯಾರಿಸುವ ವರ್ಗಕ್ಕೆ ಕನಿಷ್ಠ 50 ಪರ್ಸೆಂಟ್ ದೇಶೀ ಅಂಶ ಇರಬೇಕು. ಆ ಲೆಕ್ಕ ಹಾಕಲು ಹಡಗುಕಟ್ಟೆ ತನ್ನ ಸಪ್ಲೈಯರನ್ನು ಕೇಳುತ್ತದೆ, ಅವನು ತನ್ನ ಕೆಳಗಿನವನನ್ನು ಕೇಳುತ್ತಾನೆ. 2023ರ ಮಾರ್ಚ್ 30ರಂದು ರಕ್ಷಣಾ ಸಚಿವಾಲಯ 11 ಹೊಸ ಪಹರೆ ಹಡಗುಗಳಿಗೆ ಸುಮಾರು 9,781 ಕೋಟಿಯ ಒಪ್ಪಂದ ಮಾಡಿತು. ಏಳು ಗೋವಾಕ್ಕೆ, ನಾಲ್ಕು ಕೋಲ್ಕತ್ತಾಕ್ಕೆ. ದೇಶದ ರಕ್ಷಣಾ ರಫ್ತು 2013-14ರಲ್ಲಿ 686 ಕೋಟಿ ಇದ್ದದ್ದು 2023-24ರಲ್ಲಿ 21,083 ಕೋಟಿ ಆಯಿತು. ಇಷ್ಟು ಕೆಲಸದಲ್ಲಿ ಒಂದು ಪಾಲು ನಮ್ಮ ಕಡೆಗೂ ಬರಲಿ ಅಂತ ಆಸೆ. ಕೈಕೆಲಸಕ್ಕೆ ನಮ್ಮಲ್ಲಿ ಕೊರತೆ ಇಲ್ಲ. ನಂಬರ್ ಕಾಯುವ ಅಭ್ಯಾಸ ಹಿಡಿಸಿಕೊಳ್ಳಬೇಕು.

ನಾವು ಮಾಡಿದ್ದು ಇಷ್ಟು. ಪ್ರತಿ ಆರ್ಡರಿನ ಕ್ಯೂಎಪಿಯನ್ನು ನಾನು ಒಂದೇ ಹಾಳೆಗೆ ಇಳಿಸಿ, ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ. ಎಚ್ ಇರುವ ಕಡೆ ‘ನಿಲ್ಲು’ ಎಂದು ಕೆಂಪಿನಲ್ಲಿ. ಅದನ್ನು ಕಟಿಂಗ್ ಟೇಬಲ್ಲಿನ ಪಕ್ಕದ ಕಂಬಕ್ಕೆ ಅಂಟಿಸುತ್ತೇವೆ. ಕೆಲಸ ಶುರುವಾಗುವ ದಿನ ಹಾಳೆಯನ್ನು ನಾನು ಓದುವುದಿಲ್ಲ, ಕಟಿಂಗ್ ಹುಡುಗನೇ ಎಲ್ಲರಿಗೂ ಓದಿ ಹೇಳುತ್ತಾನೆ. ಉಳಿಕೆ ಪಟ್ಟಿ ಆರ್ಡರ್ ರವಾನೆ ಆಗುವ ತನಕ ಗುಜರಿಗೆ ಹೋಗುವ ಹಾಗಿಲ್ಲ. ನಂಬರ್ ದಾಟಿಸುವುದನ್ನು ಚಾಚಾ ಎರಡು ಭಾನುವಾರ ಹುಡುಗರಿಗೆ ಕಲಿಸಿದರು. ಪಂಚ್ ಎಲ್ಲಿ ಹೊಡೆಯಬೇಕು, ಎಷ್ಟು ಆಳ, ಬೆಸುಗೆಯ ಕಾವಿಗೆ ಹಾಳಾಗದ ಜಾಗ ಯಾವುದು ಎಲ್ಲ ತೋರಿಸಿದರು.

22 ಗೂಟ ಜೂನ್ ಕೊನೆಗೆ ಹುಬ್ಬಳ್ಳಿಗೆ ಹೋದವು. ರವಾನೆಗೆ ಮೊದಲು ಪ್ರತಿ ಗೂಟದ ಬುಡದಲ್ಲೂ ಅದು ಎಷ್ಟು ಟನ್ ಎಳೆತ ತಡೆಯುತ್ತದೆ ಎಂಬ ಅಂಕಿಯನ್ನು ವೆಲ್ಡಿಂಗ್ ಗೆರೆಯಲ್ಲೇ ಬರೆಯಬೇಕು. ಪೇಂಟ್ ಸವೆದರೂ ಅದು ಕಾಣುತ್ತಿರಬೇಕು ಎಂಬುದಕ್ಕೆ. ಚಾಚಾ ಅದನ್ನು ಬರೆದರು. ಮಗ್ಗಿ ಬರೆಯುವ ಮಗುವಿನ ಹಾಗೆ ಬಗ್ಗಿ, ಒಂದೊಂದೇ ಅಂಕಿ.

ಕೆಂಪು ಪೇಂಟಿನ ಮೂರು ಪ್ಲೇಟುಗಳಲ್ಲಿ ಎರಡನ್ನು ಯಜಮಾನ್ರು ಗ್ಯಾಸಿನಿಂದ ತುಂಡು ಮಾಡಿಸಿ ಗುಜರಿಗೆ ಹಾಕಿದರು. ಇಡಿಯಾಗಿ ಕೊಟ್ಟರೆ ಯಾರೋ ಒಯ್ದು ಹಡಗಿನ ಮಾಲು ಅಂತ ಮಾರಿಯಾರು ಎಂಬ ಭಯ ಅವರಿಗೆ. ಮೂರನೆಯದು ಕಟಿಂಗ್ ಟೇಬಲ್ಲಿನ ಹಿಂದೆ ಗೋಡೆಗೆ ಒರಗಿಕೊಂಡು ನಿಂತಿದೆ. ಹೊಸ ಹುಡುಗ ಕೆಲಸಕ್ಕೆ ಸೇರಿದ ದಿನ ಕಟಿಂಗ್ ಹುಡುಗ ಅವನನ್ನು ಅದರ ಮುಂದೆ ಕೂರಿಸುತ್ತಾನೆ. ಕೈಗೆ ಒಂದು ಬಟ್ಟೆ, ಒಂದು ಟಾರ್ಚ್ ಕೊಟ್ಟು, “ಇದರ ಮ್ಯಾಲೆ ನಂಬರ್ ಎಲ್ಲೈತಿ ಹುಡುಕು” ಎನ್ನುತ್ತಾನೆ. ಹುಡುಗ ಧೂಳು ಒರೆಸುತ್ತಾನೆ, ಅಂಚಿಗೆ ಬೆರಳು ಓಡಿಸುತ್ತಾನೆ, ಆಮೇಲೆ ತಿರುಗಿಸಿ ನೋಡಲು ಇನ್ನೊಬ್ಬರನ್ನು ಕರೆಯುತ್ತಾನೆ.